ಕಂಪನ ಸೋರುವ ಜಾಗ

ನಮ್ಮ ತಾರಾನಾಥ ಸರ್, ಮುಖಕ್ಕೆ ಪೌಡರ್ ಹಾಕಿಕೊಂಡು ಬಂದ ವಿದ್ಯಾರ್ಥಿಯನ್ನು ಲ್ಯಾಬಿನ ಬಾಗಿಲಿನಿಂದಲೇ ವಾಪಸು ಕಳುಹಿಸುವ ಮನುಷ್ಯ. ತಲೆಗೆ ಎಣ್ಣೆ ಹಚ್ಚಿದವರಿಗೆ ಟೋಪಿ, ಶೀತವಾದವರಿಗೆ ರಜೆ. ನಾನು ಮಣಿಪಾಲದ ಆ ಲ್ಯಾಬಿಗೆ ಪಿಎಚ್‌ಡಿಗೆಂದು ಸೇರಿದ ಹೊಸತರಲ್ಲಿ, ಘಾಟಿಯ ಬುಡದ ಬಜಗೋಳಿಯ ಮನೆಯಿಂದ ಬೈಕಿನಲ್ಲಿ ಬಂದು ಶರ್ಟು ಕೊಡವದೆ ಒಳಗೆ ಕಾಲಿಟ್ಟದ್ದಕ್ಕೆ, "ಕೀರ್ತನ್, ಘಾಟಿಯ ಮಣ್ಣು ಘಾಟಿಯಲ್ಲೇ ಇರಲಿ, ಇಲ್ಲಿಗೆ ತರಬೇಡ" ಎಂದಿದ್ದರು. ಆವತ್ತಿನಿಂದ ನಾನು ಬಾಗಿಲ ಹೊರಗೆ ನಿಂತು ಮೈ ಕೊಡವಿಕೊಂಡೇ ಒಳಗೆ ಹೋಗುವುದು. ನೋಡಿದವರಿಗೆ ನನಗೆ ಮೈಮೇಲೆ ಭೂತದ ದರ್ಶನ ಬಂದಿದೆ ಎಂದು ಅನಿಸಬೇಕು.

ಇಷ್ಟೆಲ್ಲ ಮಡಿ ಯಾಕೆಂದರೆ, ನಾವು ಅಳೆಯುವ ವಸ್ತು ಬರಿಗಣ್ಣಿಗೆ ಕಾಣುವುದೇ ಇಲ್ಲ. ಶಾಲೆಯಲ್ಲಿ ಸ್ಕೇಲನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಹೊರಗೆ ಚಾಚಿದ ತುದಿಯನ್ನು ಮೀಟಿ ಬಿಟ್ಟವರಿಗೆ ನಮ್ಮ ಕೆಲಸ ಅರ್ಧ ಅರ್ಥವಾದಂತೆ. ಉಗುರಿನಷ್ಟು ಅಗಲದ ಸಿಲಿಕಾನ್ ಚಿಪ್. ಅದರ ಅಂಚಿನಲ್ಲಿ ಕೂದಲಿಗಿಂತ ಎಷ್ಟೋ ತೆಳ್ಳಗಿನ ಪಟ್ಟಿಗಳು. ಅವುಗಳನ್ನು ಗಾಳಿ ತೆಗೆದ ಡಬ್ಬಿಯೊಳಗಿಟ್ಟು, ಮೆಲ್ಲಗೆ ನಡುಗಿಸಿ, ನಡುಕ ನಿಲ್ಲಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲೇಸರಿನಲ್ಲಿ ನೋಡುವುದು. ಹೆಚ್ಚು ಹೊತ್ತು ನಡುಗಿದರೆ ಒಳ್ಳೆಯ ಪಟ್ಟಿ. ಅದಕ್ಕೊಂದು ಅಂಕೆ ಉಂಟು, ನಾವು 'ಕ್ಯೂ' ಎನ್ನುತ್ತೇವೆ. ಕ್ಯೂ ದೊಡ್ಡದಿದ್ದರೆ ಪಟ್ಟಿ ತನ್ನ ಶಕ್ತಿಯನ್ನು ಹಿಡಿದಿಟ್ಟುಕೊಂಡಿದೆ ಎಂದು ಅರ್ಥ, ಚಿಕ್ಕದಿದ್ದರೆ ಎಲ್ಲೋ ಸೋರುತ್ತಿದೆ.

ಎಲ್ಲಿ ಸೋರುತ್ತದೆ ಎಂಬುದೇ ಜಗಳ. ಡಬ್ಬಿಯಲ್ಲಿ ಇನ್ನೂ ಉಳಿದ ಚೂರು ಗಾಳಿಗೆ ಸೋರಬಹುದು, ಆ ಭಾಗ ನನ್ನ ಪಾಲಿಗೆ ಬಂದಿತ್ತು. ಪಟ್ಟಿ ಬಾಗುವಾಗ ಒಳಗೇ ಬಿಸಿಯಾಗಿ ಹೋಗಬಹುದು. ಮೈಯ ಮೇಲ್ಪದರದಲ್ಲಿ ಕಳೆದುಹೋಗಬಹುದು. ಇಲ್ಲವಾದರೆ ಪಟ್ಟಿ ಚಿಪ್‌ಗೆ ಅಂಟಿಕೊಂಡಿರುವ ಬುಡದಿಂದ, ನಮ್ಮ ಲ್ಯಾಬಿನ ಭಾಷೆಯಲ್ಲಿ 'ಪಾದ'ದಿಂದ, ಕೆಳಗಿಳಿದು ಹೋಗಬಹುದು. ತಾರಾನಾಥ ಸರ್ ಪಾದದ ಪಕ್ಷ. ನಮ್ಮ ಪಟ್ಟಿಗಳಲ್ಲಿ ಸೋರುವುದೆಲ್ಲ ಪಾದದಿಂದಲೇ, ಪಾದದ ಸುತ್ತ ಸೀಳುಗಳನ್ನು ಕೊರೆದರೆ ಕೆಳಗಿಳಿಯುವ ನಡುಕ ತಿರುಗಿ ಪಟ್ಟಿಗೇ ಬರುತ್ತದೆ ಎಂದು ಇಪ್ಪತ್ತು ವರ್ಷಗಳಿಂದ ಹೇಳುತ್ತ ಬಂದವರು. ಕೇಳಿದವರೆಲ್ಲ ಮರ್ಯಾದೆಯಿಂದ ತಲೆಯಾಡಿಸಿ ಊಟಕ್ಕೆ ಹೋಗುತ್ತಿದ್ದರು. ಒಪ್ಪಿಸಲು ಬೇಕಾದ ಅಳತೆ ಅವರ ಕೈಗೆ ಸಿಕ್ಕಿರಲೇ ಇಲ್ಲ. ಈ ಜನವರಿ ಕೊನೆಗೆ ಅವರ ನಿವೃತ್ತಿ. ಉಳಿದದ್ದು ಒಂದೇ ಪ್ರಯತ್ನ, ಆ ಕೆಲಸಕ್ಕೆ ಒಬ್ಬಳೇ ವಿದ್ಯಾರ್ಥಿನಿ: ಧೃತಿ.

ಧೃತಿ ಉಚ್ಚಿಲದವಳು. ಅವಳ ಅಪ್ಪ ಚಂದು ಅವರು ಮಲ್ಪೆಯ ಬೋಟಿನಲ್ಲಿ ಹೋಗುವವರು, ಅಮ್ಮ ಹರಿಣಾಕ್ಷಿ ಕಾಪು ಮಾರ್ಕೆಟಿನಲ್ಲಿ ಮೀನು ಮಾರುವವರು. ಮೀನು ಮಾರುವವರ ಮಗಳ ಬಾಯಿ ಜೋರಿರಬೇಕು ಎಂದು ನೀವು ತಿಳಿದಿದ್ದರೆ ತಪ್ಪು. ಅವಳಿಂದ ಒಂದು ವಾಕ್ಯ ಹೊರಡಿಸಲು ನಾನು ಹತ್ತು ವಾಕ್ಯ ಖರ್ಚು ಮಾಡಬೇಕು. ಆದರೆ ಅವಳು ಹೇಳಿದ ವಾಕ್ಯವನ್ನು ಮತ್ತೆ ತಿದ್ದಬೇಕಾಗಿ ಬಂದದ್ದು ನನಗೆ ನೆನಪಿಲ್ಲ.

ಹೋಲಿಸಿ ನೋಡಲು ಎರಡು ಬಗೆಯ ಚಿಪ್‌ಗಳು ಬೇಕಿದ್ದವು. ಹಳೆಯ ಪಾದದವು ಬೆಂಗಳೂರಿನಲ್ಲಿ ತಯಾರಾಗಿ ನವರಾತ್ರಿಗೆ ಸ್ವಲ್ಪ ಮೊದಲು ಎರಡು ಡಬ್ಬಿಗಳಲ್ಲಿ ಬಂದವು. ಸೀಳು ಕೊರೆದ ಹೊಸ ಪಾದದವು ದೀಪಾವಳಿ ಕಳೆದ ಮೇಲೆ ಬರುವುದಿತ್ತು. ಈ ನಡುವೆ ಆಯುಧ ಪೂಜೆ ಬಂತು.

ವರ್ಷವಿಡೀ ನಮ್ಮ ಸೀನನ್ನೂ ಸಹಿಸದ ಸರ್ ಆ ಒಂದು ದಿನ ಬೇರೆಯೇ ಮನುಷ್ಯ. ಪಂಚೆ ಉಟ್ಟು, ಹಣೆಗೆ ಗಂಧ ಹಚ್ಚಿ, ಕೈಯಲ್ಲಿ ಧೂಪದ ಪಾತ್ರೆ ಹಿಡಿದು ಬರುತ್ತಾರೆ. ಗಾಳಿ ಎಳೆಯುವ ಪಂಪಿಗೆ ಗೊಂಡೆ ಹೂವಿನ ಮಾಲೆ, ಲೇಸರಿನ ಪೆಟ್ಟಿಗೆಗೆ ಕುಂಕುಮ, ಕಂಪ್ಯೂಟರಿಗೆ ಒಂದು ಎಸಳು ಮಲ್ಲಿಗೆ. ದೇವಿಯ ಫೋಟೋದ ಎದುರು ಒಂದು ಸ್ಟೂಲು, ಅದರ ಮೇಲೆ ಆಗಷ್ಟೇ ಬಂದಿದ್ದ ಹಳೆಯ ಪಾದದ ಚಿಪ್‌ಗಳ ಒಂದು ಡಬ್ಬಿ. ಇನ್ನೊಂದು ಡಬ್ಬಿ ಕಪಾಟಿನಲ್ಲೇ ಉಳಿಯಿತು. ಭಕ್ತಿ ಕಡಿಮೆಯಾಗಿ ಅಲ್ಲ, ಸ್ಟೂಲಿನಲ್ಲಿ ಜಾಗ ಇರಲಿಲ್ಲ. ಸರ್ ಬಂದು ನೋಡಿ, "ಮುಚ್ಚಳ ಹಾಕಿಟ್ಟರೆ ದೇವರಿಗೆ ಎಂತ ಕಾಣ್ತದೆ?" ಎಂದು ತಾವೇ ಮುಚ್ಚಳ ತೆಗೆದಿಟ್ಟರು. ಆಮೇಲೆ ಸಾಂಬ್ರಾಣಿ ಹಾಕಿದರು. ಹಾಕಿದರು ಎಂದರೆ, ನಮಗೆ ಪರಸ್ಪರ ಮುಖ ಕಾಣದ ಹಾಗೆ ಹಾಕಿದರು. ಛಾವಣಿಯ ಹೊಗೆ ಅಲಾರಂ ಕೂಗಬಾರದು ಎಂದು ನಾನು ಮೊದಲೇ ಸ್ಟೂಲು ಹತ್ತಿ ಅದಕ್ಕೊಂದು ಪ್ಲಾಸ್ಟಿಕ್ ಚೀಲ ಕಟ್ಟಿದ್ದೆ. ಅಲಾರಂನ ಬಗ್ಗೆ ನಾವು ಅಷ್ಟು ಜಾಗ್ರತೆ ವಹಿಸಿದ್ದೆವು. ಅವಲಕ್ಕಿ ಪಂಚಕಜ್ಜಾಯ ತಿಂದು, ಬಾಗಿಲು ಹಾಕಿ ಹೊರಗೆ ಬಂದೆವು. ಪೂಜೆಗಿಟ್ಟದ್ದನ್ನು ದಶಮಿಯ ದಿನದವರೆಗೆ ಮುಟ್ಟುವ ಹಾಗಿಲ್ಲವಲ್ಲ. ಆ ಹೊಗೆಯೊಳಗೆ ಚಿಪ್‌ಗಳು ಮುಚ್ಚಳವಿಲ್ಲದೆ ಹಾಗೆಯೇ ಮಲಗಿದ್ದವು.

ದಶಮಿ ಕಳೆದು ಧೃತಿ ಹಳೆಯ ಪಾದದ ಪಟ್ಟಿಗಳನ್ನು ಅಳೆದಳು. ದೀಪಾವಳಿ ಕಳೆದು ಹೊಸ ಪಾದದವನ್ನು ಅಳೆದಳು. ಹೊಸತರ ಕ್ಯೂ ಹಳೆಯದರ ಎರಡೂವರೆ ಪಟ್ಟು ಬಂತು. ಸರ್ ಗ್ರಾಫನ್ನು ನೋಡಿ ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಕ್ಯಾಂಟೀನಿನಿಂದ ನಮ್ಮಿಬ್ಬರಿಗೂ ಗೋಳಿಬಜೆ ತಂದರು, ಅದೂ ಲ್ಯಾಬಿನ ಒಳಗೆ. ಎಣ್ಣೆ ತಿಂಡಿಯನ್ನು ಒಳಗೆ ತಂದ ಮೇಲೆ ಸರ್‌ಗೆ ಎಷ್ಟು ಸಂತೋಷವಾಗಿದೆ ಎಂದು ಬೇರೆ ಹೇಳಬೇಕಾಗಿರಲಿಲ್ಲ. ನಿವೃತ್ತಿಯ ದಿನ ಒಂದು ಭಾಷಣ ಇಟ್ಟುಕೊಳ್ಳುವುದೆಂದೂ, ಇಪ್ಪತ್ತು ವರ್ಷ ತಲೆಯಾಡಿಸಿದವರನ್ನೆಲ್ಲ ಕರೆಯುವುದೆಂದೂ ತೀರ್ಮಾನವಾಯಿತು. ಆಮಂತ್ರಣವೂ ಹೋಯಿತು.

ಧೃತಿಗೆ ಒಂದು ವಿಷಯ ಮಾತ್ರ ಸರಿಬರಲಿಲ್ಲ. ಎರಡೂ ಬಗೆಯ ಪಟ್ಟಿಗಳ ಉದ್ದಗಲ ಒಂದೇ. ಹೊಸ ಪಾದದವು ಲೆಕ್ಕ ಹಾಕಿದಷ್ಟೇ ವೇಗದಲ್ಲಿ ನಡುಗುತ್ತಿದ್ದವು. ಹಳೆಯವು ಮಾತ್ರ, ಎಲ್ಲವೂ, ಒಂದಿಷ್ಟು ನಿಧಾನ.

"ಬೆಂಗಳೂರಿನವರ ಕೈ ಒಂದೊಂದು ಸಲ ಒಂದೊಂದು ಥರ," ಎಂದೆ ನಾನು.

"ಎಲ್ಲ ಪಟ್ಟಿಗಳಿಗೂ ಒಂದೇ ಥರ ಹೇಗೆ ತಪ್ಪುತ್ತದೆ?" ಎಂದಳು. "ಪಟ್ಟಿ ನಿಧಾನ ಆಗಬೇಕಾದರೆ ಅದಕ್ಕೆ ಭಾರ ಬಂದಿರಬೇಕು. ಎಲ್ಲಿಂದ ಬಂತು ಭಾರ?"

ಜನವರಿಯಲ್ಲಿ ಒಂದು ಭಾನುವಾರ ಅವಳು ಉಚ್ಚಿಲದ ಮನೆಯಲ್ಲಿದ್ದಾಗ, ಹರಿಣಾಕ್ಷಿ ಅಮ್ಮ ದೇವರ ಫೋಟೋಗಳನ್ನು ಇಳಿಸಿ ಗಾಜು ಒರೆಸುತ್ತಿದ್ದರಂತೆ. ಒದ್ದೆ ಬಟ್ಟೆ ಒಂದು ಎಳೆತಕ್ಕೆ ಕಂದು ಬಣ್ಣಕ್ಕೆ ತಿರುಗಿತು. ಬಟ್ಟೆಯನ್ನು ಮೂಸಿದರೆ ಊದುಬತ್ತಿಯ ವಾಸನೆ, ಮುಟ್ಟಿದರೆ ಅಂಟು. ಸೋಮವಾರ ಬೆಳಿಗ್ಗೆ ಲ್ಯಾಬಿಗೆ ಬಂದವಳು ನನಗೆ ಇಷ್ಟು ಹೇಳಿ, ಕಪಾಟಿನಲ್ಲಿ ಉಳಿದಿದ್ದ ಆ ಇನ್ನೊಂದು ಡಬ್ಬಿಯನ್ನು ಹೊರಗೆ ತೆಗೆದಳು. ಅದೂ ಹಳೆಯ ಪಾದದ್ದೇ, ಆದರೆ ಮುಚ್ಚಳ ತೆಗೆಯದೇ ಉಳಿದದ್ದು. ನಾನು ತಲೆಯೆತ್ತಿ ಛಾವಣಿಯ ಹೊಗೆ ಅಲಾರಂ ನೋಡಿದೆ.

ಆ ವಾರವೆಲ್ಲ ಅವಳು ಅದನ್ನೇ ಅಳೆದಳು. ಮುಚ್ಚಿದ ಡಬ್ಬಿಯ ಪಟ್ಟಿಗಳು ಲೆಕ್ಕದಷ್ಟೇ ವೇಗದಲ್ಲಿ ನಡುಗಿದವು. ಅವುಗಳ ಕ್ಯೂ, ಹೊಸ ಪಾದದ ಕ್ಯೂ, ಎರಡೂ ಒಂದೇ. ಅಂದರೆ ಹೊಸ ಪಾದ ಏನನ್ನೂ ಉಳಿಸಿರಲಿಲ್ಲ. ಸಾಂಬ್ರಾಣಿಯ ಅಂಟು ಹಳೆಯ ಪಟ್ಟಿಗಳ ಮೈಮೇಲೆ ಕೂತು, ಅವುಗಳ ನಡುಕವನ್ನು ನುಂಗಿತ್ತು. ನಾವು ಹೊಸದು ಗೆದ್ದಿತೆಂದು ಗೋಳಿಬಜೆ ತಿಂದದ್ದು.

"ಹೇಳಬೇಡ ಮಾರಾಯ್ತಿ," ಎಂದೆ. "ಸರ್ ಭಾಷಣ ಮಾಡಲಿ, ಶಾಲು ಹೊದೆಸಿಕೊಳ್ಳಲಿ. ಲೇಖನ ಇನ್ನೂ ಕಳಿಸಲಿಲ್ಲವಲ್ಲ? ಆಮೇಲೆ ಮೆಲ್ಲ ಹೇಳುವಾ. ಯಾರಿಗೆ ಎಂತ ನಷ್ಟ?"

"ಅವರು ಅಷ್ಟು ಜನರ ಎದುರು ನಿಂತು ಸುಳ್ಳು ಹೇಳಿದ ಹಾಗಾಗ್ತದೆ. ಸುಳ್ಳು ಅಂತ ಅವರಿಗೆ ಗೊತ್ತೂ ಇರುವುದಿಲ್ಲ," ಎಂದಳು. "ಅದು ಬೇಡ ಕೀರ್ತನ್. ನೀನು ಶನಿವಾರ ಊರಿಗೆ ಹೋಗುವಾಗ ನನ್ನನ್ನು ಬೆಳ್ಮಣ್‌ಗೆ, ಸರ್ ಮನೆಗೆ ಬಿಡು."

ಬೆಕ್ಕಿಗೆ ಗಂಟೆ ಕಟ್ಟಲು ಹೊರಟವಳಿಗೆ ನಾನು ಡ್ರೈವರ್. ಶನಿವಾರ ಉಚ್ಚಿಲದಲ್ಲಿ ಅವಳನ್ನು ಹತ್ತಿಸಿಕೊಂಡು, ಪಡುಬಿದ್ರಿಯಲ್ಲಿ ಕಾರ್ಕಳದ ರಸ್ತೆಗೆ ತಿರುಗಿ ಬೆಳ್ಮಣ್ ತಲುಪಿದೆವು. ದಾರಿಯುದ್ದಕ್ಕೂ ನಾನೊಬ್ಬನೇ ಮಾತಾಡಿದೆ, ಆದರೆ ಹೆಲ್ಮೆಟಿನೊಳಗೆ ಏನು ಹೇಳಿದೆನೋ ನನಗೇ ಕೇಳಿಸಲಿಲ್ಲ.

ಸರ್ ಮನೆಯೆದುರಿನ ಸಿಟೌಟಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಭಾಷಣ ಸಿದ್ಧಮಾಡುತ್ತಿದ್ದರು. ನಮ್ಮನ್ನು ಕಂಡು ಎದ್ದು ನಿಂತು ನಕ್ಕರು. ಲ್ಯಾಬಿನಲ್ಲಿ ಆ ನಗುವನ್ನು ನಾನು ಹೆಚ್ಚು ಕಂಡವನಲ್ಲ. ಧೃತಿ ಕೂರಲೂ ಇಲ್ಲ.

"ಸರ್, ಹಳೆ ಪಾದದ ಚಿಪ್‌ಗಳ ಮೇಲೆ ಹೊಗೆ ಕೂತಿದೆ."

"ಎಂತ ಹೊಗೆ?"

"ಪೂಜೆಯದ್ದು. ಮುಚ್ಚಳ ತೆಗೆದದ್ದಕ್ಕೆ ಮಾತ್ರ. ಕಪಾಟಿನಲ್ಲಿದ್ದ ಡಬ್ಬಿಯದ್ದು ಸರಿ ಉಂಟು, ಹೊಸ ಪಾದದಷ್ಟೇ ಬರ್ತದೆ." ಗ್ರಾಫಿನ ಹಾಳೆಯನ್ನು ಅವರ ಕೈಗೆ ಕೊಟ್ಟಳು.

ಸರ್ ಕನ್ನಡಕವನ್ನು ಹಣೆಗೇರಿಸಿ ಹಾಳೆಯನ್ನು ಮುಖದ ಹತ್ತಿರ ಹಿಡಿದರು. ಒಳಗಿನಿಂದ ಕುಕ್ಕರಿನ ಸೀಟಿ ಕೇಳಿಸಿತು. "ಎಲ್ಲ ಪಟ್ಟಿಗಳನ್ನೂ ಅಳೆದದ್ದಾ?" ಎಂದು ಕೇಳಿದರು.

"ಹೌದು ಸರ್. ಒಂದನ್ನೂ ಬಿಡಲಿಲ್ಲ."

"ಹಾಗಾದರೆ ನನ್ನ ಪಾದದಿಂದ ಎಂತ ಪ್ರಯೋಜನವೂ ಇಲ್ಲ."

"ಇಲ್ಲ ಸರ್."

ಸಮಾಧಾನಕ್ಕೆ ಒಂದು ಮಾತು ಸೇರಿಸಬಾರದಿತ್ತೇ ಎಂದು ನನಗೆ ಅವಳ ಮೇಲೆ ಸಿಟ್ಟು ಬಂತು. ಸರ್ ಹಾಳೆಯನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. "ನಮ್ಮ ಅಜ್ಜನ ಕಾಲದಿಂದ ಕತ್ತಿ ಗುದ್ದಲಿಗೆ ಪೂಜೆ ಮಾಡಿಕೊಂಡು ಬಂದವರು ನಾವು," ಎಂದರು. "ಸಾಂಬ್ರಾಣಿ ಹಾಕಿದ್ದಕ್ಕೆ ಯಾವ ಕತ್ತಿಯೂ ಮೊಂಡಾಗಲಿಲ್ಲ." ದನಿ ಏರಿರಲಿಲ್ಲ. ಧೃತಿ ನೆಲ ನೋಡುತ್ತ ನಿಂತಿದ್ದಳು. ಅಷ್ಟರಲ್ಲಿ ಸರ್ ಹೆಂಡತಿ ಚಾ ಮತ್ತು ಅಕ್ಕಿಯ ಪುಂಡಿ ತಂದಿಟ್ಟರು. "ಚಾ ಕುಡಿದು ಹೋಗಿ. ನನಗೆ ತೋಟದಲ್ಲಿ ಸ್ವಲ್ಪ ಕೆಲಸ ಉಂಟು," ಎಂದು ಸರ್ ಮೆಟ್ಟಿಲಿಳಿದರು. ತೋಟಕ್ಕೆ ಹೋದವರು ತೆಂಗಿನ ಬುಡದಲ್ಲಿ ಸುಮ್ಮನೆ ನಿಂತಿದ್ದುದು ಸಿಟೌಟಿನಿಂದ ನಮಗೆ ಕಾಣಿಸುತ್ತಿತ್ತು.

ಬೆಳ್ಮಣ್ ಬಸ್‌ಸ್ಟ್ಯಾಂಡಿನಲ್ಲಿ ಅವಳು ಪಡುಬಿದ್ರಿಯ ಬಸ್ಸಿಗೆ ಕಾದಳು. "ಬೇಜಾರಾಗ್ತಾ ಉಂಟು ಕೀರ್ತನ್," ಎಂದಳು. "ಲ್ಯಾಬಿಗೆ ಸೇರಿದಾಗ ಲೇಸರ್ ಹೇಗೆ ಹಿಡಿಯಬೇಕು ಅಂತಲೂ ನನಗೆ ಗೊತ್ತಿರಲಿಲ್ಲ. ಎಲ್ಲ ಅವರೇ ಕಲಿಸಿದ್ದು. ಅವರಿಗೇ ಹೀಗೆ ಮಾಡಿದೆ." ಕಣ್ಣು ಒರೆಸಿಕೊಳ್ಳಲೂ ಇಲ್ಲ, ಬಸ್ಸು ಬಂದಾಗ ಹಾಗೆಯೇ ಹತ್ತಿದಳು. ನಾನು ಕಾರ್ಕಳದ ಕಡೆ ಗಾಡಿ ತಿರುಗಿಸಿದೆ. ನನಗೂ ಏನೂ ಚೆನ್ನಾಗಿ ಅನಿಸಲಿಲ್ಲ.

ಆಮೇಲೆ ಕೆಲವು ದಿನ ಸರ್ ಲ್ಯಾಬಿನ ಕಡೆಗೇ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಭಾಷಣದ ದಿನ ಹತ್ತಿರ ಬರುತ್ತಿತ್ತು. ಅವರು ಹಳೆಯ ಗ್ರಾಫನ್ನೇ ಹಿಡಿದು ವೇದಿಕೆ ಹತ್ತುತ್ತಾರೋ, ಬರುವುದೇ ಇಲ್ಲವೋ, ನಮಗೆ ತಿಳಿಯಲಿಲ್ಲ. ಹಳೆಯದನ್ನೇ ತೋರಿಸಿದರೆ ಏನು ಮಾಡುತ್ತೀ ಎಂದು ನಾನು ಧೃತಿಯನ್ನು ಕೇಳಿದೆ. "ಎದ್ದು ನಿಲ್ಲಬೇಕಾಗ್ತದೆ," ಎಂದಳು. ಹಾಗೆ ಎದ್ದು ನಿಂತರೆ ಆ ವಿಭಾಗದಲ್ಲಿ ಅವಳ ಪಿಎಚ್‌ಡಿಯ ಗತಿ ಏನೆಂದು ನಾನು ಹೇಳಲು ಹೋಗಲಿಲ್ಲ. ಅವಳಿಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ನಾವು ಹೋಗುವ ಮೊದಲೇ ಲ್ಯಾಬಿನ ದೀಪ ಉರಿಯುತ್ತಿತ್ತು. ಸರ್ ಟೋಪಿ, ಗ್ಲೌಸು ಹಾಕಿಕೊಂಡು, ಹೊಗೆ ಹಿಡಿದ ಚಿಪ್ ಒಂದನ್ನು ಚಿಮಟದಲ್ಲಿ ಎತ್ತಿ ಗಾಳಿ ತೆಗೆಯುವ ಡಬ್ಬಿಯೊಳಗೆ ಇಡುತ್ತಿದ್ದರು. "ಹೊಗೆಯೇ ಆಗಿದ್ದರೆ ಬಿಸಿ ಮಾಡಿದಾಗ ಹೋಗಬೇಕು. ಹೋದರೆ ಕ್ಯೂ ಏರಬೇಕು," ಎಂದರು, ನಮ್ಮ ಕಡೆ ತಿರುಗದೆ. ಧೃತಿ ಮಾಡದೆ ಬಿಟ್ಟಿದ್ದ ಪರೀಕ್ಷೆ ಅದೊಂದೇ. ಚಿಪ್ ಇಡೀ ದಿನ ಬಿಸಿಯಲ್ಲಿತ್ತು. ಮರುದಿನ ಅದು ತಣ್ಣಗಾದ ಮೇಲೆ ಸರ್ ತಾವೇ ಅಳೆದರು. ಪರದೆಯ ಮೇಲೆ ನಡುಕದ ಗೆರೆ ಇಳಿಯುತ್ತಾ, ಇಳಿಯುತ್ತಾ, ಇನ್ನೂ ನಿಲ್ಲದೆ ಹೋಗುತ್ತಿತ್ತು. ಮುಚ್ಚಿದ ಡಬ್ಬಿಯ ಅಂಕೆಗೆ ಹೆಚ್ಚು ಕಡಿಮೆ ಬಂದು ಮುಟ್ಟಿತು. ವೇಗವೂ ಲೆಕ್ಕಕ್ಕೆ ಸರಿಹೋಯಿತು.

ಸರ್ ಗ್ಲೌಸು ಕಳಚಿ ಕುರ್ಚಿಯಲ್ಲಿ ಕೂತರು. "ಬೇಸರ ಆಯ್ತು," ಎಂದರು. "ಆಗಲಿಲ್ಲ ಅಂತ ಹೇಳಿದರೆ ಸುಳ್ಳಾಗ್ತದೆ. ಇಷ್ಟು ವರ್ಷ ನಾನು ನನ್ನದೇ ಸರಿ ಅಂತ ನಂಬಿದ್ದೆ. ಬೇರೆಯವರು ಒಪ್ಪದಿದ್ದಾಗ ಅವರಿಗೆ ಬುದ್ಧಿ ಇಲ್ಲ ಅಂದುಕೊಂಡಿದ್ದೆ." ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಆವತ್ತು ನಾನು ಮಾತಾಡುವುದಿಲ್ಲ ಧೃತಿ. ನೀನೇ ಮಾತಾಡು," ಎಂದರು.

ಅದು ಸಿಟ್ಟೋ, ನಂಬಿಕೆಯೋ, ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಧೃತಿ ಸಿಟ್ಟೆಂದೇ ತಿಳಿದಳು. ಭಾಷಣಕ್ಕೆ ಚಿತ್ರಗಳನ್ನು ಸಿದ್ಧಮಾಡುವಾಗ ಸರ್ ಹೆಸರಿಗೆ ಒಂದು ಗೀರೂ ಬೀಳಬಾರದೆಂದು ಪದ ಪದವನ್ನೂ ತೂಗಿದಳು. ಸಾಂಬ್ರಾಣಿ ಎಂಬ ಶಬ್ದ ಎಲ್ಲೂ ಬರಲಿಲ್ಲ. ಪೂಜೆ ಇಲ್ಲ, ಮುಚ್ಚಳ ಇಲ್ಲ. 'ಸಂಗ್ರಹಿಸಿಟ್ಟ ಅವಧಿಯಲ್ಲಿ ಮೇಲ್ಮೈ ಮಾಲಿನ್ಯ' ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಬಿಟ್ಟಳು. ಓದಿದರೆ ಗಾಳಿಯಿಂದ ತಾನಾಗಿಯೇ ಏನೋ ಬಂದು ಕೂತ ಹಾಗಿತ್ತು. ಚೆನ್ನಾಗಿದೆ ಎಂದು ನಾನೂ ಹೇಳಿದೆ.

ನಿವೃತ್ತಿಯ ದಿನ ಸಭಾಂಗಣ ತುಂಬಿತ್ತು. ಸೂರತ್ಕಲ್‌ನಿಂದ, ಬೆಂಗಳೂರಿನಿಂದ ಜನ ಬಂದಿದ್ದರು. ಹಾರ, ಶಾಲು, ಹಣ್ಣಿನ ಬುಟ್ಟಿ, ಹೊಗಳಿಕೆ ಎಲ್ಲ ಮುಗಿದ ಮೇಲೆ ಸರ್ ಮೈಕಿನ ಎದುರು ನಿಂತು, "ನಾನು ಹೇಳುತ್ತ ಬಂದದ್ದು ಸರಿಯಲ್ಲ ಎಂದು ಈಚೆಗೆ ತಿಳಿಯಿತು. ಹೇಗೆಂದು ನನ್ನ ವಿದ್ಯಾರ್ಥಿನಿ ಹೇಳುತ್ತಾಳೆ," ಎಂದಷ್ಟೇ ಹೇಳಿ ಕೆಳಗಿಳಿದರು. ವೇದಿಕೆಯ ಕುರ್ಚಿಗೆ ಹೋಗದೆ, ವಿದ್ಯಾರ್ಥಿಗಳ ಸಾಲಿನಲ್ಲಿ ನನ್ನ ಪಕ್ಕ ಬಂದು ಕೂತರು. ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಸಭೆಯಲ್ಲಿ ಗುಸುಗುಸು ಎದ್ದಿತು.

ಧೃತಿ ಇಂಗ್ಲಿಷಿನಲ್ಲಿ ಶುರುಮಾಡಿದಳು. ಮೊದಲು ದನಿ ಸಣ್ಣದಿತ್ತು, ಗ್ರಾಫು ಬಂದ ಮೇಲೆ ಗಟ್ಟಿಯಾಯಿತು. ಪಾದ ಬದಲಿಸಿದರೂ ಸೋರಿಕೆ ಬದಲಾಗದ್ದನ್ನು ತೋರಿಸಿದಳು. ಪಟ್ಟಿಯ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳು ಪದರ ಕೂತರೂ ನಡುಕ ಎಷ್ಟು ಬೇಗ ಸಾಯುತ್ತದೆ, ಬಿಸಿ ಮಾಡಿದರೆ ಹೇಗೆ ಮರಳುತ್ತದೆ ಎಂದು ತೋರಿಸಿದಳು. ಇಷ್ಟು ತೆಳ್ಳಗಿನ ಪಟ್ಟಿಗಳಲ್ಲಿ ಶಕ್ತಿ ಮೈಯಿಂದಲೇ ಹೋಗುತ್ತಿರಬಹುದು, ಇನ್ನು ಹುಡುಕಬೇಕಾದದ್ದು ಅಲ್ಲಿ ಎಂದಳು. ತಲೆಯಾಡಿಸುವುದಕ್ಕೆಂದೇ ಬಂದವರು ತಲೆಯಾಡಿಸುವುದನ್ನು ನಿಲ್ಲಿಸಿ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಅಷ್ಟರಲ್ಲಿ ಆ ಮಾಲಿನ್ಯದ ಸಾಲು ಪರದೆಯ ಮೇಲೆ ಬಂತು. ಅವಳು ಅದನ್ನು ಬೇಗ ಓದಿ ದಾಟಿಸಲು ಹೋದಳು.

ನನ್ನ ಪಕ್ಕದಲ್ಲಿ ಸರ್ ಕೈ ಎತ್ತಿದರು. ಆಮೇಲೆ ಎದ್ದೇ ನಿಂತರು. ಕನ್ನಡದಲ್ಲೇ ಕೇಳಿದರು.

"ಮಾಲಿನ್ಯ ಅಂದರೆ ಎಂತದು? ನಾಳೆ ಇನ್ನೊಬ್ಬರು ಇದನ್ನು ಮಾಡಿ ನೋಡಬೇಕಾದರೆ ಅವರಿಗೆ ತಿಳಿಯಬೇಕಲ್ಲ. ಸರಿಯಾಗಿ ಹೇಳು."

ಧೃತಿ ನನ್ನ ಕಡೆ ನೋಡಿದಳು. ನಾನು ಕಾಲಿನ ಬೆರಳು ನೋಡಿಕೊಂಡೆ.

"ಸಾಂಬ್ರಾಣಿ ಹೊಗೆ ಸರ್. ಆಯುಧ ಪೂಜೆಯದ್ದು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸರ್ ತಿರುಗಿ ನೋಡಲಿಲ್ಲ.

"ಚಿಪ್‌ಗಳು ಡಬ್ಬಿಯಲ್ಲಿದ್ದವಲ್ಲ. ಮುಚ್ಚಳ ತೆಗೆದದ್ದು ಯಾರು?"

ಅವಳ ಕೈ ಮೈಕಿನ ಕಂಬವನ್ನು ಹಿಡಿದುಕೊಂಡಿತ್ತು. ಈ ಪ್ರಶ್ನೆಗೆ ಉತ್ತರ ಕೊಡದಿರಲೆಂದು ನಾನು ಮನಸ್ಸಿನಲ್ಲೇ ಹಾರೈಸಿದೆ. ಸರ್ ಕಾಯುತ್ತ ನಿಂತರು. ಲ್ಯಾಬಿನಲ್ಲಿ ಅಳತೆ ಹೇಳಲು ತಡವರಿಸಿದವರ ಎದುರು ನಿಲ್ಲುತ್ತಿದ್ದುದು ಹಾಗೆಯೇ.

"ನೀವು ಸರ್," ಎಂದಳು ಧೃತಿ.

"ಹಾಂ," ಎಂದರು ಸರ್. "ಅದನ್ನು ಅಲ್ಲಿ ಬರೆ. ಈಗ ಮುಂದಿನದು ಹೇಳು." ಕೂತರು. ಶಾಲನ್ನು ಪಕ್ಕಕ್ಕಿಟ್ಟು, ಉಳಿದವರ ಹಾಗೆ ಮುಂದಕ್ಕೆ ಬಾಗಿ ಕೇಳತೊಡಗಿದರು.